ಹಂಚಿನ ಕಾವು, ಬಿಲ್ಲೆಯ ನೆನಪು

ನಮ್ಮ ಮನೆಯ ರೊಟ್ಟಿ ಹಂಚಿಗೆ ಬಿಡುವು ಎಂಬುದೇ ಇಲ್ಲ. ಬೆಳಗಿನ ಜೋಳದ ರೊಟ್ಟಿಗಳೆಲ್ಲ ಬೆಂದು ಬುಟ್ಟಿ ಸೇರಿ ಒಲೆ ಆರಿದ ಮೇಲೂ ಆ ದಪ್ಪ ಕಬ್ಬಿಣದ ಹಂಚು ಬಹಳ ಹೊತ್ತು ತನ್ನ ಕಾವನ್ನು ಹಿಡಿದುಕೊಂಡೇ ಇರುತ್ತದೆ. ಆ ಕಾವನ್ನು ಸುಮ್ಮನೆ ಗಾಳಿಗೆ ಬಿಡುವುದು ನಮ್ಮ ಅತ್ತೆ ನೀಲವ್ವನವರ ಜಾಯಮಾನಕ್ಕೆ ಒಗ್ಗದ ಮಾತು. ಮೊದಲ ಸುಡುಕಾವಿಗೆ ಒಂದು ಹಿಡಿ ಶೇಂಗಾ, ಅದು ಇಳಿದ ಮೇಲೆ ಮೆತ್ತಗಾದ ಹಪ್ಪಳ, ಆಮೇಲೆ ನೀರೊಡೆದ ಉಪ್ಪು, ಕಟ್ಟಕಡೆಯ ಬೆಚ್ಚಗಿನ ಗಳಿಗೆಯಲ್ಲಿ ಒದ್ದೆಯಾದ ದೀಪದ ಬತ್ತಿ. ಒಂದು ಮಳೆಗಾಲದಲ್ಲಿ ನಮ್ಮವರ ಕೈಗಡಿಯಾರಕ್ಕೆ ನೀರು ಹೊಕ್ಕು ಮುಳ್ಳು ನಿಂತಾಗ ಅದನ್ನೂ ನಾಲ್ಕು ಮಡಿಕೆಯ ಬಟ್ಟೆಯ ಮೇಲಿಟ್ಟು ಅದೇ ಹಂಚಿನ ಮೇಲೆ ಮಲಗಿಸಿದ್ದರು; ಸಂಜೆಗೆ ಅದು ಮತ್ತೆ ನಡೆಯತೊಡಗಿತ್ತು. ಅಂದಿನಿಂದ ಹಂಚಿನ ಮೇಲೆ ಅವರಿಗಿದ್ದ ಭರವಸೆ ಇಮ್ಮಡಿಯಾಯಿತು. ಈ ಗಡಿಯಾರದ ಸಂಗತಿಯನ್ನು ನೀವು ನೆನಪಿನಲ್ಲಿಡಬೇಕು, ಏಕೆಂದರೆ ನನ್ನ ಪೀಕಲಾಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ನಾನು ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಬಾಗಲಕೋಟೆಗೆ ಸೊಸೆಯಾಗಿ ಬಂದು, ನವನಗರದಲ್ಲಿ ಸಂಸಾರವನ್ನೂ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠವನ್ನೂ ನಡೆಸಿಕೊಂಡು ಹೋಗುತ್ತಿರುವವಳು. ನಲವತ್ತು ದಾಟಿ, ಬೈತಲೆಯ ಪಕ್ಕದಲ್ಲಿ ಬಿಳಿಗೂದಲು ಇಣುಕತೊಡಗಿದ ಹೊತ್ತಿನಲ್ಲಿ ನನಗೆ ಸಂಶೋಧನೆಯ ಹುಚ್ಚು ಹತ್ತಿತು. “ಈ ವಯಸ್ಸಿನ್ಯಾಗ ಡಾಕ್ಟರ್ ಆಗಿ ಯಾರಿಗಿ ಸೂಜಿ ಮಾಡಾಕಿ ನೀ?” ಎಂದು ಅತ್ತೆ ಕೇಳಿದ್ದರು. ಸೂಜಿಯಲ್ಲ, ಬಿಲ್ಲೆ ಮಾಡುತ್ತೇನೆ ಎಂದಿದ್ದೆ. ಖರೆ ಹೇಳಬೇಕೆಂದರೆ ನನ್ನ ಐದು ವರ್ಷದ ದುಡಿಮೆಯೆಲ್ಲ ಅಂಗಿಯ ಗುಂಡಿಯಷ್ಟಗಲದ, ಸುಣ್ಣದ ಕಲ್ಲಿನಂತೆ ಕಾಣುವ ಬಿಲ್ಲೆಗಳಲ್ಲೇ ಕಳೆದುಹೋಗಿದೆ. ಎರಡು ಬಿಳಿ ಪುಡಿಗಳನ್ನು ಖಲ್ಬತ್ತಿನಲ್ಲಿ ತಾಸುಗಟ್ಟಲೆ ಅರೆದು, ಕುಲುಮೆಯಲ್ಲಿ ಸುಟ್ಟು, ಮತ್ತೆ ಅರೆದು, ಅಚ್ಚಿನಲ್ಲಿ ಒತ್ತಿ, ಇನ್ನೂ ಹೆಚ್ಚಿನ ಉರಿಯಲ್ಲಿ ಬೇಯಿಸಿದರೆ ಸಿಗುವ ಬೇರಿಯಂ ಟೈಟನೇಟ್ ಎಂಬ ವಸ್ತು ಅದು. ನೋಡಲಿಕ್ಕೆ ಏನೇನೂ ಇಲ್ಲ. ಆದರೆ ಅದನ್ನು ಬೆರಳಿನಿಂದ ಒತ್ತಿ ನೋಡಿ, ಎರಡು ಮುಖಗಳ ನಡುವೆ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ತನ್ನು ಕೊಟ್ಟು ನೋಡಿ, ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಇಂಥವನ್ನು ಪೀಜೋಎಲೆಕ್ಟ್ರಿಕ್ ವಸ್ತುಗಳೆನ್ನುತ್ತಾರೆ. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ಕೆಂದು ಕಿಡಿ ಹಾರಿಸುವುದು, ದವಾಖಾನೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಬಸುರಿಯ ಹೊಟ್ಟೆಯೊಳಕ್ಕೆ ಕಿವಿಗೆ ಕೇಳದ ದನಿಯನ್ನು ಕಳಿಸಿ ಅದರ ಮಾರ್ದನಿಯಿಂದ ಕೂಸಿನ ಚಿತ್ರ ಬರೆಯುವುದು, ಎರಡೂ ಇದೇ ಬಳಗ.

ಈ ಬಳಗದೊಳಗೆ ಇನ್ನೊಂದು ಪಂಗಡವಿದೆ, ಫೆರೋಎಲೆಕ್ಟ್ರಿಕ್ ಎಂದು ಅದರ ಹೆಸರು. ಫೆರೋ ಎಂದರೆ ಕಬ್ಬಿಣ; ಅದು ಹೆಸರಿನಲ್ಲಿದೆ, ಒಡಲಿನಲ್ಲಿ ಬೇಕೆಂದೇನೂ ಇಲ್ಲ. ಅಯಸ್ಕಾಂತದಂತೆ ನಡೆದುಕೊಳ್ಳುತ್ತದೆಂದು ಯಾರೋ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿದೆ. ನನ್ನ ಬಿಲ್ಲೆ ಈ ಪಂಗಡದ್ದು. ಅದರ ಒಳಗಿನ ವ್ಯವಸ್ಥೆಯನ್ನು, ಅಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದ ಹಳೆಯ ಬಾಗಲಕೋಟೆಯ ಓಣಿಗಳನ್ನು ಕಂಡವರಿಗೆ ತಿಳಿಸಿ ಹೇಳುವುದು ಸುಲಭ. ಒಂದೊಂದು ಓಣಿಯ ಮನೆಗಳ ಬಾಗಿಲೆಲ್ಲ ಒಂದೇ ದಿಕ್ಕಿಗಿರುತ್ತಿದ್ದವು, ಆದರೆ ಈ ಓಣಿಯದು ಮೂಡಲಕ್ಕಾದರೆ ಪಕ್ಕದ್ದು ತೆಂಕಲಿಗೆ, ಅದರಾಚೆಯದು ಇನ್ನೆತ್ತಲೋ. ಬಿಲ್ಲೆಯ ಒಳಗೂ ಹೀಗೆಯೇ ಲೆಕ್ಕವಿಲ್ಲದಷ್ಟು ಓಣಿಗಳಿವೆ, ಒಂದೊಂದೂ ಒಂದೊಂದು ಕಡೆಗೆ ಮುಖ ಮಾಡಿ ಕೂತಿರುತ್ತದೆ, ಹಾಗಾಗಿ ಬಿಲ್ಲೆಯನ್ನು ಎಷ್ಟು ಒತ್ತಿದರೂ ಒಂದರ ವಿದ್ಯುತ್ತನ್ನು ಇನ್ನೊಂದು ಅಳಿಸಿಹಾಕುತ್ತದೆ. ಅದನ್ನು ಎಣ್ಣೆಯಲ್ಲಿ ಮುಳುಗಿಸಿ, ಬಿಸಿ ಮಾಡಿ, ಸಾವಿರಾರು ವೋಲ್ಟಿನ ಬಲದಲ್ಲಿ ಹಿಡಿದಿಟ್ಟರೆ ಓಣಿಗಳೆಲ್ಲ ಮೆಲ್ಲಗೆ ಒಂದೇ ದಿಕ್ಕಿಗೆ ತಿರುಗುತ್ತವೆ; ಬಲವನ್ನು ತೆಗೆದ ಮೇಲೂ ಹಾಗೆಯೇ ನಿಲ್ಲುತ್ತವೆ. ಕಲ್ಲೊಂದು ಕಲಿತದ್ದನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು, ಈಗಲೂ ಅದನ್ನು ಪಾಠ ಮಾಡುವಾಗ ನನ್ನ ದನಿ ತಾನಾಗಿ ತಗ್ಗುತ್ತದೆ. ಒಂದೇ ಒಂದು ಕಟ್ಟಳೆಯಿದೆ. ನೂರಿಪ್ಪತ್ತು ಡಿಗ್ರಿಯ ಆಸುಪಾಸು ದಾಟಿ ಕಾಯಿಸಿದರೆ ಅದು ಎಲ್ಲವನ್ನೂ ಮರೆಯುತ್ತದೆ.

ಈ ವಿದ್ಯೆ ತಲೆಗೆ ಹತ್ತಿದ ಮೇಲೆ ನಮ್ಮ ಸೀಮೆಯೇ ನನಗೆ ಬೇರೆಯಾಗಿ ಕಾಣತೊಡಗಿತು. ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದುಕೊಂಡು ಹೋದಾಗ ಅವರು ಗುಹೆಯ ಕಂಬಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಕೆಂಪು ಬಂಡೆಗೆ ಅಂಗೈ ಹಚ್ಚಿ ನಿಲ್ಲುತ್ತೇನೆ. ಆ ಮರಳುಗಲ್ಲಿನ ಕಣಗಳಲ್ಲಿ ಬಹುಪಾಲು ಕ್ವಾರ್ಟ್ಜ್, ನಮ್ಮವರ ಗಡಿಯಾರದ ಹೊಟ್ಟೆಯಲ್ಲಿ ಕೂತು ಕಾಲವನ್ನು ಎಣಿಸುವ ಅದೇ ಕಲ್ಲು. ಪ್ರತಿಯೊಂದು ಕಣವೂ ಒತ್ತಿದರೆ ವಿದ್ಯುತ್ತು ಕೊಡಬಲ್ಲದು. ಬೆಟ್ಟವೇ ಬೆಟ್ಟದ ಮೇಲೆ ಕೂತು ಯುಗಯುಗಗಳಿಂದ ಒತ್ತುತ್ತಿದೆ, ಕಣಗಳು ಮಾತ್ರ ತಲೆಗೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಹೊರಗೆ ಏನೂ ಕೇಳುವುದಿಲ್ಲ. ಐಹೊಳೆಯ ಗುಡಿಗಳ ಗೋಡೆಯಲ್ಲೂ ಅದೇ, ಇಳಕಲ್ಲಿನ ಗುಲಾಬಿ ಬಣ್ಣದ ಗ್ರಾನೈಟಿನಲ್ಲೂ ಅದೇ. ಹೋಗಲಿ, ಕಲ್ಲಿನ ಮಾತು ಬಿಡಿ. ನಾನು ಮಗ್ಗದ ಸದ್ದಿನಲ್ಲಿ ಬೆಳೆದವಳು, ನನ್ನಪ್ಪ ಇಳಕಲ್ ಸೀರೆಯ ಸೆರಗಿಗೆ ಹೊಸೆದು ಜೋಡಿಸುತ್ತಿದ್ದ ರೇಷ್ಮೆ ಎಳೆಗೂ ಈ ಗುಣ ಅಷ್ಟಿಷ್ಟು ಇದೆಯೆಂದು ಓದಿದ ದಿನ ಪೆಟ್ಟಿಗೆ ತೆಗೆದು ಮದುವೆಯ ಸೀರೆಯ ಸೆರಗನ್ನು ಸುಮ್ಮನೆ ಹಿಂಡಿ ನೋಡಿದ್ದೆ. ನಮ್ಮ ಎಲುಬಿಗೂ ಇದೆಯಂತೆ. ನಾವು ನಡೆದಾಗ, ಭಾರ ಹೊತ್ತಾಗ ಎಲುಬಿನಲ್ಲಿ ತೀರ ಸಣ್ಣ ವಿದ್ಯುತ್ತು ಮಿಡಿಯುತ್ತದೆ. ಹೀಗೆ ಲೋಕವೆಲ್ಲ ಒತ್ತಿದರೆ ಓಗೊಡುತ್ತಿರುವಾಗ ಕಿವಿಯಿಲ್ಲದವರು ನಾವೇ ಎಂದು ನನಗೆ ಅನ್ನಿಸುತ್ತದೆ.

ಈಗ ನನ್ನ ಪೀಕಲಾಟಕ್ಕೆ ಬರುತ್ತೇನೆ. ನನ್ನ ಕೆಲಸದ ಗುರಿ ದೊಡ್ಡದೇನಲ್ಲ: ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮಣಿಕಟ್ಟಿಗೆ ಕಟ್ಟಿ ನಾಡಿಯನ್ನು ಓದಬಲ್ಲ ಅಗ್ಗದ ಬಿಲ್ಲೆ. ಮೈಗೆ ಹಚ್ಚುವ ವಸ್ತುವಾದ್ದರಿಂದ ಇಂಥ ಬೇರೆ ಬಿಲ್ಲೆಗಳಲ್ಲಿರುವ ಸೀಸ ಇದರಲ್ಲಿ ಇರಬಾರದು, ಅದೇ ನನ್ನ ಹಟ. ಹನ್ನೆರಡು ಬಿಲ್ಲೆಗಳು ಸಿದ್ಧವಾಗಿದ್ದವು. ಅವುಗಳ ಗುಣವನ್ನು ಅಳೆಯುವ ಯಂತ್ರ ಇರುವುದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಎಷ್ಟೋ ಸಲ ಕೇಳಿಕೊಂಡ ಮೇಲೆ ಸೋಮವಾರ ಬೆಳಗಿನ ಎರಡು ತಾಸು ನನ್ನ ಪಾಲಿಗೆ ಸಿಕ್ಕಿತ್ತು. ಅದು ತಪ್ಪಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಪ್ರಬಂಧ ಒಪ್ಪಿಸುವ ನನ್ನ ಗಡುವೇ ಮುಗಿದುಹೋಗುತ್ತಿತ್ತು, ಐದು ವರ್ಷದ ದುಡಿಮೆ ನೀರುಪಾಲಾಗುತ್ತಿತ್ತು. ಶನಿವಾರ ಸಂಜೆ ಹನ್ನೆರಡನ್ನೂ ಡಬ್ಬಿಯಲ್ಲಿಟ್ಟುಕೊಂಡು ಕಾಲೇಜಿನಿಂದ ಮನೆಗೆ ಬರುವಾಗ ಮಳೆ ಹೊಡೆಯಿತು, ಚೀಲದೊಳಗೆ ನೀರು ಹೋಗಿ ಡಬ್ಬಿಯಲ್ಲಿದ್ದ ಹತ್ತಿಯೆಲ್ಲ ತೊಯ್ದಿತ್ತು. ಬಿಲ್ಲೆಗಳನ್ನು ಒರೆಸಿ ಅಡುಗೆಮನೆಯ ಕಿಟಕಿಯಲ್ಲಿ ಒಂದು ತಟ್ಟೆಯ ಮೇಲೆ ಹರವಿಟ್ಟೆ.

ಮರುದಿನ ರವಿವಾರವೂ ಬಿಸಿಲಿನ ಸುಳಿವಿರಲಿಲ್ಲ. ನಮ್ಮವರು ಯಾವುದೋ ಮದುವೆಗೆಂದು ಹುನಗುಂದಕ್ಕೆ ಹೋಗಿದ್ದರು. ನಾನು ಜಳಕ ಮುಗಿಸಿ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬರುತ್ತೇನೆ, ಅತ್ತೆ ಒಲೆಯ ಮುಂದೆ ನಿಂತಿದ್ದಾರೆ, ರೊಟ್ಟಿ ಮುಗಿದು ಹಂಚು ಇನ್ನೂ ಸುಡುಸುಡು ಇದೆ, ಅದರ ಮೇಲೆ ನನ್ನ ಹನ್ನೆರಡು ಬಿಲ್ಲೆಗಳು ಸುತ್ತಾಗಿ ಕೂತಿವೆ. ಚಮಚದ ತುದಿಯಿಂದ ಒಂದೊಂದನ್ನೇ ಮಗುಚುತ್ತಿದ್ದಾರೆ. ಅದರಲ್ಲೊಂದು ಆಗಲೇ ಎರಡು ಹೋಳಾಗಿತ್ತು.

“ಥಂಡಿ ಹಿಡದಿದ್ವು ಪಾಪ, ಒಣಗಿಸೀನಿ ನೋಡು,” ಎಂದರು ಅತ್ತೆ. “ಗಡಿಯಾರಕ್ಕ ಆದಂಗ ಇವಕ್ಕೂ ಛಲೋ ಆಗ್ತೈತಿ.”

ಗಡಿಯಾರದ ಕ್ವಾರ್ಟ್ಜ್ ಅಂಥ ಹತ್ತು ಹಂಚಿಗೂ ಜಗ್ಗುವುದಿಲ್ಲ, ಅದೂ ಅಲ್ಲದೆ ಅದನ್ನು ಇಟ್ಟಿದ್ದು ಬಟ್ಟೆಯ ಮೇಲೆ, ಹಂಚು ಆರಿದ ಹೊತ್ತಿನಲ್ಲಿ. ಇದನ್ನೆಲ್ಲ ತಿಳಿಸಿ ಹೇಳುವ ಸಮಾಧಾನ ನನಗೆಲ್ಲಿತ್ತು? ರೊಟ್ಟಿ ಸುಡುವ ಹಂಚಿನ ಕಾವು ನೂರಿಪ್ಪತ್ತಕ್ಕೆ ನಿಲ್ಲುವಂಥದ್ದಲ್ಲ, ಬಿಲ್ಲೆಗಳು ಎಲ್ಲವನ್ನೂ ಮರೆತಿವೆ ಎಂಬುದು ಒಂದು ಕ್ಷಣದಲ್ಲಿ ಹೊಳೆಯಿತು. “ನಿಮಗ್ಯಾರು ಹೇಳಿದ್ರು ಇವನ್ನ ಮುಟ್ಟಾಕ? ಐದು ವರ್ಷದ ಕೆಲಸ ಹಂಚಿನ ಮ್ಯಾಲೆ ಸುಟ್ರಿ,” ಎಂದುಬಿಟ್ಟೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಹಾಗೆ ಅಂದದ್ದು ಅದೇ ಮೊದಲು. ಅತ್ತೆ ಚಮಚವನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಹೋಗಿ ಕೂತರು. ಮಾತು ಬಾಯಿ ದಾಟಿದ ಕೂಡಲೇ ನನಗೆ ಕೆಡುಕೆನಿಸಿತು, ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಒಂದೇ ದಾರಿ ಉಳಿದಿತ್ತು, ಬಿಲ್ಲೆಗಳಿಗೆ ಮತ್ತೆ ಮೊದಲಿನಿಂದ ಕಲಿಸುವುದು. ಅವು ಪೂರಾ ಒಪ್ಪುತ್ತವೆಯೋ, ಒಳಗೆ ಬಿರುಕು ಬಿಟ್ಟಿದ್ದರೆ ವೋಲ್ಟೇಜಿಗೆ ಸಿಡಿದೇ ಹೋಗುತ್ತವೆಯೋ ನನಗೆ ಗೊತ್ತಿರಲಿಲ್ಲ. ಪ್ರಯೋಗಾಲಯದ ಕೀಲಿ ಇದ್ದದ್ದು ನಮ್ಮ ಅಟೆಂಡರ್ ಮಾಬೂಸಾಬರ ಬಳಿ. ಅವರು ಗುಡೂರಿನವರು, ರಜೆಯ ದಿನ. ಫೋನು ಮಾಡಿದೆ. “ಬಸ್ಸ ಹತ್ತತೇನ್ರಿ ಮೇಡಮ್ಮಾರ,” ಎಂದರು, ಯಾಕೆ ಏನು ಎಂದು ಕೇಳಲಿಲ್ಲ. ನಾನು ಹೊರಡುವ ಹೊತ್ತಿಗೆ ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೇನಿ. ಕೆಡಿಸಿದಾಕಿ ಮನ್ಯಾಗ ಕುಂತ ಏನ್ ಮಾಡ್ಲಿ?” ಇಬ್ಬರೂ ಹೊರಟೆವು.

ಪ್ರಯೋಗಾಲಯದಲ್ಲಿ ಒಂದು ಬಿಲ್ಲೆಗೆ ತಂತಿ ಜೋಡಿಸಿ, ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲಿನ ಹಸಿರು ಗೆರೆಯನ್ನು ನೋಡುತ್ತ ಪೆನ್ಸಿಲಿನಿಂದ ತಟ್ಟಿದೆ. ಗೆರೆ ಅಲುಗಲಿಲ್ಲ. ಅತ್ತೆ ಹತ್ತಿರ ಬಂದು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಾರಿಸಿ ನೋಡುವಂತೆ ಬೆರಳಿನ ಉಗುರಿನಿಂದ ಟಕ್ಕೆಂದು ಬಾರಿಸಿದರು. ಆಗಲೂ ಅಲುಗಲಿಲ್ಲ.

“ಸತ್ತೈತೇನ್ ತಮ್ಮಾ ಇದು?” ಎಂದು ಮಾಬೂಸಾಬರನ್ನು ಕೇಳಿದರು.

“ಸತ್ತಿಲ್ರಿ ಅವ್ವಾರ, ಮರ್ತೈತಿ,” ಎಂದರು ಅವರು. “ಮತ್ತ ಕಲಸಿದ್ರ ಕಲಿತೈತ್ರಿ.”

ಹನ್ನೊಂದು ಬಿಲ್ಲೆಗಳು, ಒಂದು ಸಲಕ್ಕೆ ನಾಲ್ಕರಂತೆ ಮೂರು ಸರದಿ. ಅತ್ತೆಯನ್ನು ದೂರದ ಸ್ಟೂಲಿನ ಮೇಲೆ ಕೂರಿಸಿ, ಎಣ್ಣೆಯ ಪಾತ್ರೆಗೆ ಬಿಲ್ಲೆಗಳನ್ನು ಇಳಿಸಿ ಕಾಯಿಸಲು ಇಟ್ಟೆವು, ವೋಲ್ಟೇಜನ್ನು ಹಂತಹಂತವಾಗಿ ಏರಿಸಿದೆವು. ಇಲ್ಲಿ ನಿಮಗೆ ಅತ್ತೆಯವರ ಇನ್ನೊಂದು ಸಂಗತಿ ಹೇಳಬೇಕು. ಅವರು ಸಾಲೆಯ ಮುಖ ಕಂಡವರಲ್ಲ, ಆದರೆ ಹಳೆಯ ಊರಿನಲ್ಲೂ ಇಲ್ಲಿ ನವನಗರದಲ್ಲೂ ಎಷ್ಟೋ ಮನೆಗಳ ಹಸುಗೂಸುಗಳಿಗೆ ಎರೆದ ಕೈ ಅವರದು. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಬಿಸಿ ಮಾಡಿದ ಎಣ್ಣೆಯಲ್ಲಿ ತಿಕ್ಕಿ, ಬಿಸಿನೀರು ಹೊಯ್ದು, ಒಂದು ಕಡೆ ಚಪ್ಪಟೆಯಾದ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ದುಂಡಗೆ ಮಾಡುತ್ತೇನೆಂದು ಕೂರುವವರು. ಈಗಿನ ಡಾಕ್ಟರರು ಇದನ್ನು ಒಪ್ಪುವುದಿಲ್ಲ, ನಾನೂ ಅತ್ತೆಯೊಡನೆ ಈ ಬಗ್ಗೆ ವಾದ ಮಾಡಿದವಳೇ. ಅವರು ಸ್ಟೂಲಿನ ಮೇಲೆ ಕೂತು ಎಣ್ಣೆ, ಕಾವು, ಹಿಡಿತ ಮೂರನ್ನೂ ಬಹಳ ಹೊತ್ತು ನೋಡಿದರು. ಪರಿಚಯದ ಕೆಲಸವನ್ನು ನೋಡುವ ಕಣ್ಣಿನಿಂದಲೇ ನೋಡಿದರು.

ಮೊದಲ ಸರದಿ ಮುಗಿದು, ಎಣ್ಣೆಯ ಪಾತ್ರೆಯ ಕೆಳಗಿನ ವಿದ್ಯುತ್ ಒಲೆ ಆರಿಸಿದೆವು. ಎಣ್ಣೆ ಇನ್ನೂ ಬಿಸಿಯಾಗಿತ್ತು, ಮಾಬೂಸಾಬರ ಕೈ ರೂಢಿಯಂತೆ ವೋಲ್ಟೇಜಿನ ಗುಂಡಿಯ ಕಡೆಗೆ ಹೋಯಿತು.

“ಈಗ ಏನ್ ಮಾಡ್ತೀ ತಮ್ಮಾ?” ಅತ್ತೆ ಕೇಳಿದರು.

“ಹಿಡದದ್ದು ಬಿಡ್ತೇನ್ರಿ, ಆತಲ್ರಿ ಇನ್ನ.”

“ಎಣ್ಣಿ ಇನ್ನಾ ಬಿಸಿ ಐತಿ, ಈಗ ಯಾರರೆ ಕೈ ಬಿಡ್ತಾರೇನು? ನಾ ಕೂಸಿನ ತಲಿ ಹಿಡದ್ರ ಪೂರಾ ಆರೂತನಕ ಬಿಡೂದಿಲ್ಲ. ಬಿಸಿ ಇದ್ದಾಗ ಬಿಟ್ರ ಅದು ತನಗ ತಿಳದಂಗ ತಿರಗತೈತಿ.”

ಮಾಬೂಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಬಲವನ್ನು ಹಿಡಿದುಕೊಂಡೇ ಪೂರ್ತಿ ತಣಿಸಬೇಕೆಂದು ಪುಸ್ತಕದಲ್ಲಿ ಬರೆದಿದೆ, ಅದನ್ನು ಓದಿದವಳು ನಾನು, ವಿದ್ಯಾರ್ಥಿಗಳಿಗೆ ಬರೆಸಿದವಳೂ ನಾನೇ. ಆದರೆ ಗುಡೂರಿನ ಸಂಜೆ ಬಸ್ಸಿನ ಹೊತ್ತು ಪುಸ್ತಕದಲ್ಲಿಲ್ಲ. ಕೈಗೆ ತಾಳುವಷ್ಟು ಬಿಸಿಗೆ ಇಳಿಯುವ ಮೊದಲೇ ಸಾಕು ಬಿಡಿ ಎಂದು ಗುಂಡಿ ತಿರುವುವುದು ನಮಗೆ ಎಂದಿನಿಂದಲೋ ಅಭ್ಯಾಸವಾಗಿತ್ತು. ನನ್ನ ಬಿಲ್ಲೆಗಳ ಅಳತೆ ಒಂದರಂತೆ ಒಂದು ಬರುವುದಿಲ್ಲವೆಂದು ಎರಡು ವರ್ಷದಿಂದ ಪುಡಿಯನ್ನು ಬೈದಿದ್ದೆ, ಕುಲುಮೆಯನ್ನು ಬೈದಿದ್ದೆ, ಕೈ ಬಿಟ್ಟದ್ದು ನಾವೇ ಇರಬಹುದೆಂದು ಹೊಳೆದಿರಲಿಲ್ಲ. “ಮಾಬೂಸಾಬ್ರ, ಇರಲಿ ಬಿಡ್ರಿ, ಆರಲಿ,” ಎಂದೆ. ಆ ದಿನ ಮೂರು ಸರದಿಯೂ ಎಣ್ಣೆ ಪೂರಾ ತಣ್ಣಗಾಗುವ ತನಕ ಕಾದೆವು.

ಕಾಯುವ ಹೊತ್ತಿನಲ್ಲಿ ಯೋಚನೆಗೆ ಬಿಡುವು ಸಿಗುತ್ತದೆ. ಈ ವಸ್ತುಗಳನ್ನು ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗಿಸಲು ಹೋದರೆ ಅವು ಸುಲಭಕ್ಕೆ ಮಣಿಯುವುದಿಲ್ಲ, ಹೋದ ದಾರಿಯಲ್ಲೇ ಮರಳಿಯೂ ಬರುವುದಿಲ್ಲ. ಕಾಗದದ ಮೇಲೆ ಅವುಗಳ ನಡೆಯನ್ನು ಬರೆದರೆ ಒಂದು ಕುಣಿಕೆಯಾಗುತ್ತದೆ. ನವನಗರಕ್ಕೆ ಬಂದ ಹೊಸದರಲ್ಲಿ ಅತ್ತೆ ಎದ್ದ ಕೂಡಲೇ ಎಡಕ್ಕೆ ನಡೆದು ಗೋಡೆಯ ಮುಂದೆ ನಿಂತುಬಿಡುತ್ತಿದ್ದರಂತೆ, ಹಳೆಯ ಮನೆಯಲ್ಲಿ ಬಚ್ಚಲು ಇದ್ದದ್ದು ಆ ಕಡೆಗೆ. ಕಾಲು ಹೊಸ ದಿಕ್ಕನ್ನು ಕಲಿಯಲು ವರ್ಷವೇ ಹಿಡಿಯಿತಂತೆ. ಇದನ್ನು ಅವರು ಯಾವಾಗಲೂ ನಗುತ್ತಲೇ ಹೇಳುತ್ತಿದ್ದರು, ನಾನೂ ನಗುತ್ತಲೇ ಕೇಳಿದ್ದೆ. ನೆನಪೆಂದರೆ ಹಟ ಎಂದು ಬಿಲ್ಲೆಯಿಂದ ಕಲಿಯಲು ನನಗೆ ಐದು ವರ್ಷ ಬೇಕಾಯಿತು, ಅದು ಮನೆಯಲ್ಲೇ ಓಡಾಡಿಕೊಂಡಿತ್ತು.

ಕೊನೆಯ ಸರದಿಯ ಬಿಲ್ಲೆಗಳನ್ನು ಒರೆಸಿ ತೆಗೆದಾಗ ನಾಲ್ಕು ಗಂಟೆ. ಒಂದೂ ಸಿಡಿದಿರಲಿಲ್ಲ. ತಂತಿ ಜೋಡಿಸಿ, “ನೀವ ಬಾರಿಸ್ರಿ,” ಎಂದು ಅತ್ತೆಗೆ ಹೇಳಿದೆ. ಅವರು ಅಳುಕುತ್ತ ಉಗುರು ತಾಗಿಸಿದರು. ಹಸಿರು ಗೆರೆ ಪರದೆಯ ತುದಿಯವರೆಗೆ ನೆಗೆಯಿತು. ಅವರು ಕೈ ಹಿಂದಕ್ಕೆಳೆದು, ಮತ್ತೆ ಮುಂದೆ ತಂದು, ಇನ್ನೊಮ್ಮೆ ಮೆಲ್ಲಗೆ, ಮತ್ತೊಮ್ಮೆ ಜೋರಾಗಿ ಬಾರಿಸಿದರು. ಮೆಲ್ಲಗಿದ್ದುದಕ್ಕೆ ಮೆಲ್ಲಗೆ, ಜೋರಿಗೆ ಜೋರಾಗಿ ಗೆರೆ ಉತ್ತರ ಕೊಟ್ಟಿತು. ಆಮೇಲೆ ನಾನು ಆ ಬಿಲ್ಲೆಯನ್ನು ಅವರ ಮಣಿಕಟ್ಟಿನ ನಾಡಿಯ ಮೇಲಿಟ್ಟು ಪಟ್ಟಿ ಸುತ್ತಿ, “ಅಲುಗಬ್ಯಾಡ್ರಿ,” ಎಂದೆ. ತುಸು ಹೊತ್ತು ಗೆರೆ ತಡಬಡಿಸಿತು. ಅನಂತರ ಒಂದು ಏರು, ಅದರ ಬೆನ್ನಿಗೆ ಒಂದು ಸಣ್ಣ ಏರು, ಮತ್ತೆ ಅದೇ, ಮತ್ತೆ ಅದೇ. ಐದು ವರ್ಷದಲ್ಲಿ ನನ್ನ ನಾಡಿಯನ್ನು ನಾನು ನೂರು ಸಲ ನೋಡಿದ್ದೇನೆ; ಅದು ಬರೀ ದಾಖಲೆ. ಅವರದನ್ನು ನೋಡುವಾಗ ನನ್ನ ಕಣ್ಣು ಮಂಜಾಯಿತು.

“ಇದು ನಂದೇನು?”

“ನಿಮ್ದರಿ.”

“ಹಿಂಗ ದಿನಾ ಬಡೀತೈತಿ?”

“ಹುಟ್ಟಿದಾಗಿಂದ ಬಡ್ಯಾಕತ್ತೈತ್ರಿ.”

ಅವರು ಪರದೆಯಿಂದ ಕಣ್ಣು ಕೀಳಲಿಲ್ಲ. “ನನಗ ಯಾರೂ ತೋರ್ಸಿದ್ದಿಲ್ಲ ನೋಡು,” ಎಂದರು.

ಧಾರವಾಡದಲ್ಲಿ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ಬಿಲ್ಲೆಗಳೂ ಒಂದರ ಹತ್ತಿರ ಒಂದು ಅಳತೆ ಕೊಟ್ಟವು, ಅಷ್ಟು ಹೊಂದಿಕೆ ನನಗೆ ಹಿಂದೆಂದೂ ಬಂದಿರಲಿಲ್ಲ. ಪ್ರಬಂಧ ಗಡುವಿನೊಳಗೆ ಹೋಯಿತು. ಅದರಲ್ಲಿ ‘ಬಲವನ್ನು ಹಿಡಿದಿರುವಂತೆಯೇ ಪೂರ್ಣ ತಣಿಸಲಾಯಿತು’ ಎಂಬ ಒಂದು ವಾಕ್ಯವಿದೆ. ಅದು ಯಾರ ಮಾತೆಂದು ಅಲ್ಲಿ ಬರೆಯಲು ಬರುವಂತಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ನಾನು ನಿಮಗೆ ಹೇಳಲು ಹೊರಟದ್ದು ಧಾರವಾಡಕ್ಕೆ ಹೊರಡುವ ಮುಂಚಿನ, ಆ ಸೋಮವಾರದ ನಸುಕಿನ ಮಾತು. ಅತ್ತೆ ನನಗಿಂತ ಮೊದಲೇ ಎದ್ದು ಬುತ್ತಿಗೆ ರೊಟ್ಟಿ ಬಡಿದು ಮುಗಿಸಿದ್ದರು. ನಾನು ಅಡುಗೆಮನೆಗೆ ಹೋದಾಗ ಒಲೆ ಆರಿತ್ತು, ಹಂಚು ಅದರ ಮೇಲೆ ಬರಿದಾಗಿ ಕೂತಿತ್ತು. ಶೇಂಗಾ ಇಲ್ಲ, ಹಪ್ಪಳ ಇಲ್ಲ, ಉಪ್ಪಿನ ಬಟ್ಟಲು ಕೂಡ ದೂರದ ಮೂಲೆಯಲ್ಲಿತ್ತು. ನಾನು ಈ ಮನೆಗೆ ಬಂದ ಇಪ್ಪತ್ತು ವರ್ಷಗಳಲ್ಲಿ ಆ ಹಂಚಿನ ಕಾವು ಸುಮ್ಮನೆ ಗಾಳಿಗೆ ಹೋಗುವುದನ್ನು ನೋಡಿದ್ದು ಅದೇ ಮೊದಲು. ಅತ್ತೆ ಅದಕ್ಕೆ ಬೆನ್ನು ಮಾಡಿ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

ಹಿಂದಿನ ದಿನ ಪ್ರಯೋಗಾಲಯದಲ್ಲಿ ಅಷ್ಟೆಲ್ಲ ಆದ ಮೇಲೆ ನಾನು ಆಡಿದ ಮಾತೂ ಅಳಿಸಿಹೋಯಿತೆಂದು ತಿಳಿದಿದ್ದೆ. ಅಳಿಸಿರಲಿಲ್ಲ. ಬಿಲ್ಲೆಯ ನೆನಪನ್ನು ಒಂದು ಹಂಚು ಅಳಿಸಬಲ್ಲದು, ಮನುಷ್ಯರ ನೆನಪಿಗೆ ಅಂಥ ಸುಲಭದ ಕಾವು ಇಲ್ಲ. ಮತ್ತೆ ಹಿಡಿದು, ಆರುವ ತನಕ ಕೈ ಬಿಡದೆ, ಮುಖವನ್ನು ಈ ಕಡೆಗೆ ತಿರುಗಿಸಿಕೊಳ್ಳಬೇಕು.

ಡಬ್ಬಿಯಿಂದ ಎರಡು ಹಿಡಿ ಶೇಂಗಾ ತೆಗೆದು ಹಂಚಿನ ಮೇಲೆ ಸುರಿದೆ. “ತಪ್ಪಾತ್ರಿ ಅತ್ತಿ, ಹಂಗ ಅನಬಾರದಿತ್ತು,” ಎಂದೆ. “ಈಗ ನೀವ ಕೈಯಾಡಸ್ರಿ, ನಾ ಹುರದ್ರ ಹೊತ್ತತಾವ.”

ಅವರು ತಿರುಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಸೆರಗಿನಿಂದ ಕೈ ಬಿಡಿಸಿಕೊಂಡು ಬಂದು ಹಂಚಿನ ಮೇಲೆ ಅಂಗೈ ಆಡಿಸಿ ಕಾವನ್ನು ಅಳೆದರು. “ಆರಾಕತ್ತೈತಿ, ತಡಾ ಮಾಡಿದಿ,” ಎಂದು ಬೈದು, ಒಲೆಯನ್ನು ಸಣ್ಣಗೆ ಹೊತ್ತಿಸಿ ಶೇಂಗಾ ಮಗುಚತೊಡಗಿದರು. ಹುರಿದ ವಾಸನೆ ಮನೆ ತುಂಬಿತು. ಅದನ್ನು ಬಿಸಿಬಿಸಿಯಾಗಿಯೇ ಒಂದು ಡಬ್ಬಿಗೆ ತುಂಬಿ ನಾನು ಒಂದು ಕೈಯಲ್ಲಿ ಹಿಡಿದಿದ್ದ ಚೀಲದಲ್ಲಿಡಲು ಬಂದವರು, ಅಲ್ಲಿದ್ದ ಬಿಲ್ಲೆಯ ಡಬ್ಬಿಯನ್ನು ಕಂಡು ತಡೆದು ನಿಂತರು. ಅದನ್ನು ತಾವೇ ಮೆಲ್ಲಗೆ ಎತ್ತಿ, ಬೆಚ್ಚಗಿನ ಡಬ್ಬಿಯಿಂದ ದೂರ, ನನ್ನ ಇನ್ನೊಂದು ಕೈಗೆ ಕೊಟ್ಟರು.